ಮರುಮುದ್ರೆ

ಮೂವತ್ತೊಂದು ವರ್ಷ ನಾನು ಅಳತೆ-ತೂಕದ ಇನ್ಸ್‌ಪೆಕ್ಟರು.
ಗಾಂಧಿಬಜಾರಿನ ಯಾವ ತಕ್ಕಡಿ
ಎಷ್ಟು ಸುಳ್ಳು ಹೇಳುತ್ತದೆಂದು
ಮುಳ್ಳು ನಡುಗುವ ಬಗೆಯಲ್ಲೇ ಗೊತ್ತಾಗುತ್ತಿತ್ತು.
ತೂಕದ ಕಲ್ಲು ಮಗುಚಿ ನೋಡುವುದು,
ಅಡಿಯ ಕುಳಿಯಲ್ಲಿ ಸೀಸ, ಸೀಸದ ಮೇಲೆ ಆ ವರ್ಷದ ಮುದ್ರೆ.
ಮುದ್ರೆ ಇದ್ದರೆ ಮಾತಿಲ್ಲ.

ಈಗ ದುರ್ಗಿಗುಡಿಯಲ್ಲಿ
ಇಮ್ತಿಯಾಜನ ಮೊಬೈಲ್ ಅಂಗಡಿಯ ಸ್ಟೂಲಿನ ಮೇಲೆ ಕೂತು
ತೂಕವೇ ಇಲ್ಲದ್ದಕ್ಕೆ ಬೆಲೆ ಕಟ್ಟಬೇಕು.

ನಾಲ್ಕು ಅಕ್ಷರ: ಎಂ, ಓ, ಜಿ, ಇ.
ಆಮೇಲೊಂದು ಚುಕ್ಕಿ, ಚುಕ್ಕಿಗೊಂದು ಬಾಲ.
ಕನ್ನಡದಲ್ಲಿ ಎರಡೇ. ಮೊಗೆ.

ಎರಡು ಸಾವಿರದ ಒಂದು. ಇದೇ ಅಂಗಡಿ ಆಗ ಸೈಬರ್ ಕೆಫೆ,
ಗಂಟೆಗೆ ನಲವತ್ತು ರೂಪಾಯಿ, ಪ್ಲೈವುಡ್ಡಿನ ಗೂಡುಗಳು,
ಮೀಸೆ ಮೂಡದ ಇಮ್ತಿಯಾಜ್,
ಅವನ ಭಾವನ ಕ್ರೆಡಿಟ್ ಕಾರ್ಡು.
ಆ ವಾರವೇ ನಮ್ಮ ಆಫೀಸಿನ ಹಿಂದಿನ ಶೆಡ್ಡಿನಿಂದ
ಜಪ್ತಿಯಾದ ಹಳೆ ಅಳತೆಗಳೆಲ್ಲ ಗುಜರಿಗೆ ಹೋಗಿದ್ದವು.
ಕೊಳಗ, ಬಳ್ಳ, ಸಿದ್ದೆ, ಪಾವು,
ಕಂಠ ನೆಗ್ಗಿದ ಹಿತ್ತಾಳೆ ಮೊಗೆ ಒಂದು.
ಗುಜರಿಯವ ಕಾಲಲ್ಲಿ ಮೆಟ್ಟಿ ಚಪ್ಪಟೆ ಮಾಡಿದ,
ಲಾರಿಯಲ್ಲಿ ಜಾಗ ಉಳಿಯಲಿ ಅಂತ.
ಹೆಸರುಗಳನ್ನಾದರೂ ಒಂದು ಕಡೆ ಇಡೋಣ ಅಂದುಕೊಂಡೆ.
ಇಟ್ಟದ್ದು ಬಾಗಿಲ ಬೋರ್ಡು ಮಾತ್ರ.
ಒಳಗೆ ಇವತ್ತಿಗೂ ಏನಿಲ್ಲ.

ಆದರೂ ವರ್ಷಕ್ಕೊಮ್ಮೆ, ಜೂನ್ ಒಂಬತ್ತರೊಳಗೆ,
ಹಣ ಕಟ್ಟುತ್ತಲೇ ಬಂದೆ.
ಖಾಲಿ ಡಬ್ಬಕ್ಕೆ ಎಷ್ಟು ಸಲ ಮುದ್ರೆ ಒತ್ತುತ್ತೀರಿ,
ಅನ್ನುತ್ತಿದ್ದಳು ಚಂದ್ರಮತಿ.
ಅವಳ ಆಪರೇಷನ್ನಿನ ವರ್ಷ ನನಗೆ ಮರೆತೇಹೋಗಿತ್ತು.
ಇಮ್ತಿಯಾಜ್ ಕಟ್ಟಿದ್ದ.
ಎರಡು ವರ್ಷ ಹೇಳಿರಲಿಲ್ಲ.

ಬೆಲೆ ಹೇಳುವ ಯಂತ್ರಗಳಿವೆಯಂತೆ. ಕೇಳಿದೆವು.
ಒಂದು ಹೇಳಿತು, ಇಪ್ಪತ್ತೈದು ಸಾವಿರ.
ಇನ್ನೊಂದು, ಹದಿನೇಳು ಲಕ್ಷ.
ಮೂರನೆಯದು ಸ್ವಲ್ಪ ಹೊತ್ತು ಗಿರಗಿರ ತಿರುಗಿ
ಎರಡು ಲಕ್ಷದ ಮೂವತ್ತು ಸಾವಿರ.
ಮೂರು ತಕ್ಕಡಿ, ಒಂದೇ ಸರಕು!
ನೌಕರಿಯಲ್ಲಿದ್ದಿದ್ದರೆ ಮೂರಕ್ಕೂ ಸೀಲು ಹಾಕಿ
ಪಂಚನಾಮೆ ಬರೆಯುತ್ತಿದ್ದೆ.

ಪುಣೆಯಿಂದ ದಲ್ಲಾಳಿ ಹೆಂಗಸಿನ ಫೋನು. ದನಿ ಒಳ್ಳೆಯದು.
ಕೊಳ್ಳುವವರು ಯಾರೆಂದು ಹೇಳುವಂತಿಲ್ಲವಂತೆ.
ಹೆಸರು ಕೊಳ್ಳುವವರಿಗೇ ಹೆಸರಿಲ್ಲ.
ದನದ ಸಂತೆಯಲ್ಲಿ ಟವೆಲಿನಡಿ ಬೆರಳು ಹಿಡಿದರೂ
ಮುಖವಾದರೂ ಕಾಣುತ್ತದೆ.
"ಮಿಸ್ಟರ್ ಹುಚ್ರಾ, ಈ ಪದಕ್ಕೆ ನಿಮ್ಮಲ್ಲಿ ಅರ್ಥವಿದೆಯೇ?"
ಎರಡಿದೆ, ಅಂದೆ. ಪಾತ್ರೆಯೂ ಹೌದು,
ತುಂಬಿಕೋ ಅನ್ನುವ ಮಾತೂ ಹೌದು.
"ಅಯ್ಯೋ, ಇಲ್ಲದಿದ್ದರೆ ಚೆನ್ನಾಗಿತ್ತು.
ಅರ್ಥವಿಲ್ಲದ್ದಕ್ಕೆ ಎಲ್ಲ ದೇಶದಲ್ಲೂ ಗಿರಾಕಿ."

ನಾಲ್ಕು ಲಕ್ಷಕ್ಕೆ ಬಂದು ನಿಂತಿತು.
ಕೊಸರು? ಅಂದೆ.
ಅವಳಿಗೆ ತಿಳಿಯಲಿಲ್ಲ. ನನ್ನ ಮುರುಕು ಹಿಂದಿಯಲ್ಲಿ ಹೇಳಿದೆ:
ಲಷ್ಕರ್ ಮೊಹಲ್ಲಾದ ತಿರುವಿನಲ್ಲಿ ಮಂಡಕ್ಕಿ ಮಾರುವ ದ್ಯಾವಮ್ಮ
ಅಳೆದು ಸುರಿದ ಮೇಲೂ
ಬರಿಗೈಯಲ್ಲಿ ಒಂದು ಹಿಡಿ ಹಾಕುತ್ತಾಳೆ, ಅದು.
ಕಾಯಿದೆಯಲ್ಲಿ ಅದಿಲ್ಲ.
ಅವಳ ಸೇರಿನ ತಳ ಒಳಗೆ ಉಬ್ಬಿದೆ, ನನಗೆ ಗೊತ್ತು.
ಆ ಹಿಡಿಯ ದೆಸೆಯಿಂದ
ಒಂದು ಸಲವೂ ಮಗುಚಿ ನೋಡಲಿಲ್ಲ.
ಇಷ್ಟನ್ನೂ ಹೇಳಿದೆನೋ, ಬರೀ ಅಂದುಕೊಂಡೆನೋ.
ಫೋನಿನಾಚೆ ಸದ್ದಿಲ್ಲ. ಆಮೇಲೆ
ಮೂರು ಸಾವಿರ ಸೇರಿಸಿದಳು.

ಒಪ್ಪಿಸಿಕೊಡುವ ಗುಟ್ಟು ಹದಿನಾರು ಅಕ್ಷರ.
ಇಮ್ತಿಯಾಜ್ ಓದಿದ, ನಾನು ಒತ್ತಿದೆ.
ಒಂದು ಕಡೆ ಅದು ಸೊನ್ನೆಯೋ, ಓ ಅಕ್ಷರವೋ,
ಎರಡು ಸಲ ತಪ್ಪಿತು.
ಒಡೆಯರು ಅನ್ನುವ ಸಾಲಿನ ಮುಂದಿದ್ದ
ಹುಚ್ಚರಾಯಪ್ಪ ಟಿ., ವಿನೋಬನಗರ, ಶಿವಮೊಗ್ಗ
ಐದನೆಯ ದಿನ ಅಲ್ಲಿರಲಿಲ್ಲ.

ಕೊಸರಿನ ಮೂರು ಸಾವಿರ ಇಮ್ತಿಯಾಜನ ಗಲ್ಲಾಕ್ಕೆ ಹಾಕಿದೆ.
ಬೇಡ ಸಾರ್ ಅಂದ.
ಒಂದು ಫೋನಿನ ಗಾಜು ಬಿಚ್ಚಿ ಮುಗಿಸುವಷ್ಟು ಹೊತ್ತು
ಬೇಡ ಅನ್ನುತ್ತಲೇ ಇದ್ದ.

ಬ್ಯಾಂಕಿನ ಮೆಸೇಜು ಬಂತು. ಸೊನ್ನೆಗಳನ್ನು ಎಣಿಸಿದೆ.
ಸರಿಯಿತ್ತು.
ಆದರೂ ಹಳೆ ಚಾಳಿ,
ಫೋನನ್ನು ಮಗುಚಿ
ಅಡಿ ನೋಡಿದೆ.